ಓದು ಬಾರದ ಓದುಗರು

ಸಾರ್ವಜನಿಕ ಗ್ರಂಥಾಲಯ, ಎಂದರೆ ಜನರ ತೆರಿಗೆಯ ಹಣದಿಂದ ನಡೆದು ಎಲ್ಲರಿಗೂ ಶುಲ್ಕವಿಲ್ಲದೆ ಪುಸ್ತಕ ಒದಗಿಸುವ ಸಂಸ್ಥೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ರೂಪ ತಳೆದಾಗ ಅದು ಹೇಳಿದ ‘ಎಲ್ಲರಲ್ಲಿ’ ಮಕ್ಕಳು ಸೇರಿರಲಿಲ್ಲ. ಬ್ರಿಟನ್ನಿನ ಗ್ರಂಥಾಲಯ ಕಾಯ್ದೆ 1850ರಲ್ಲಿ ಬಂದಿತು, ಅಮೆರಿಕದ ಬಾಸ್ಟನ್ ನಗರದ ಗ್ರಂಥಾಲಯ 1854ರಲ್ಲಿ ಬಾಗಿಲು ತೆರೆಯಿತು. ಮುಂದಿನ ಮೂರು ನಾಲ್ಕು ದಶಕಗಳ ಕಾಲ ಇಂತಹ ಬಹುಪಾಲು ಸಂಸ್ಥೆಗಳಲ್ಲಿ 12 ಅಥವಾ 14 ವರ್ಷ ತುಂಬದವರಿಗೆ ಪುಸ್ತಕ ಎರವಲು ಕೊಡುವ ಪದ್ಧತಿಯೇ ಇರಲಿಲ್ಲ. ಇದನ್ನು ಮಕ್ಕಳ ಮೇಲಿನ ದ್ವೇಷವೆಂದು ತಿಳಿಯಬೇಕಾಗಿಲ್ಲ. ಓದು ಕಲಿಸುವುದು ಶಾಲೆಯ ಕೆಲಸ, ಕಲಿತವರಿಗೆ ಪುಸ್ತಕ ಕೊಡುವುದು ಗ್ರಂಥಾಲಯದ ಕೆಲಸ ಎಂಬ ವಿಂಗಡಣೆ ಅಂದಿನವರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆ ವಿಂಗಡಣೆ ಸಡಿಲವಾದಂತೆಲ್ಲ ಪ್ರವೇಶದ ವಯಸ್ಸು ಇಳಿಯುತ್ತ ಬಂದು, ಮೊದಲು ತನ್ನ ಹೆಸರು ಬರೆಯಬಲ್ಲ ಮಗುವಿಗೆ, ಆಮೇಲೆ ಅಕ್ಷರವೇ ಅರಿಯದ ಮೂರು ವರ್ಷದ ಮಗುವಿಗೆ, ಕೊನೆಗೆ ಮಾತೂ ಬಾರದ ಕೂಸಿಗೆ ಬಾಗಿಲು ತೆರೆಯಿತು. ಹೀಗೆ ವಯಸ್ಸು ಇಳಿದ ಪ್ರತಿ ಸಲವೂ ‘ಓದು ಎಂದರೇನು’ ಎಂಬುದಕ್ಕೆ ಹೊಸ ಉತ್ತರವೊಂದು ಹುಟ್ಟಿತ್ತು ಮಾತ್ರವಲ್ಲ, ಮಗುವನ್ನು ಕರೆತಂದ ತಾಯಿಯೋ ಅಜ್ಜಿಯೋ ಎಲ್ಲಿ ಕೂರಬೇಕೆಂಬುದೂ ಬದಲಾಗಿತ್ತು.

ವಯಸ್ಸಿನ ನಿರ್ಬಂಧದ ವಿರುದ್ಧದ ವಾದ ಮೊದಲು ಬಲವಾಗಿ ಕೇಳಿಬಂದದ್ದು 1876ರಲ್ಲಿ, ಅಮೆರಿಕದ ಶಿಕ್ಷಣ ಇಲಾಖೆ ಪ್ರಕಟಿಸಿದ ಗ್ರಂಥಾಲಯಗಳ ಬೃಹತ್ ವರದಿಯಲ್ಲಿ. ಅದರಲ್ಲಿ ವಿಲಿಯಂ ಫ್ಲೆಚರ್ ಎಂಬ ಗ್ರಂಥಪಾಲಕರು ಎಳೆಯರ ಕುರಿತು ಬರೆದ ಅಧ್ಯಾಯ, ಅಭಿರುಚಿ ಮೂಡುವ ವಯಸ್ಸಿನಲ್ಲಿ ಬಾಗಿಲು ಮುಚ್ಚಿಟ್ಟು ಅದು ಗಟ್ಟಿಯಾದ ಮೇಲೆ ತೆರೆಯುವುದರಲ್ಲಿ ಅರ್ಥವಿಲ್ಲವೆಂದು ವಾದಿಸಿತು. ಅದೇ ಕಾಲಕ್ಕೆ ರೋಡ್ ಐಲೆಂಡ್ ರಾಜ್ಯದ ಪಟಕೆಟ್ ಎಂಬ ಗಿರಣಿ ಊರಿನಲ್ಲಿ ಗ್ರಂಥಪಾಲಕಿಯಾಗಿದ್ದ ಮಿನರ್ವಾ ಸ್ಯಾಂಡರ್ಸ್ ವಾದಕ್ಕೆ ಕಾಯದೆ ಮೇಜುಕುರ್ಚಿಗಳ ಕಾಲುಗಳನ್ನು ಕತ್ತರಿಸಿ ಗಿಡ್ಡವಾಗಿಸಿ ಮಕ್ಕಳನ್ನು ಒಳಗೆ ಕೂರಿಸಿಕೊಂಡಿದ್ದರು. ಗ್ರಂಥಾಲಯದ ಇತಿಹಾಸಕಾರರು ವರದಿಗಳಿಗೆ ಕೊಡುವಷ್ಟು ಪುಟಗಳನ್ನು ಈ ಗರಗಸಕ್ಕೆ ಕೊಟ್ಟಿಲ್ಲ. ಆದರೆ ಪುಟ್ಟ ಮೈಗೆ ಹೊಂದುವ ಪೀಠೋಪಕರಣವಿಲ್ಲದ ಕಡೆ ಮಗುವಿಗೆ ಕೊಟ್ಟ ಹಕ್ಕು ಕಾಗದದ ಮೇಲಿನದಾಗಿಯೇ ಉಳಿಯುತ್ತದೆಂಬುದನ್ನು ಸ್ಯಾಂಡರ್ಸ್ ಕಂಡುಕೊಂಡಿದ್ದರು. ಅತ್ತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಸ್ಯಾಮ್ಯುಯೆಲ್ ಮಾರ್ಲಿ ಎಂಬ ಸಂಸತ್ ಸದಸ್ಯರು ಕೊಟ್ಟ 500 ಪೌಂಡುಗಳ ದೇಣಿಗೆಯಿಂದ 1880ರ ದಶಕದ ಆರಂಭದಲ್ಲಿಯೇ ಮಕ್ಕಳಿಗೆಂದು ಪ್ರತ್ಯೇಕ ಗ್ರಂಥಾಲಯ ತಲೆಯೆತ್ತಿತು.

ಅಮೆರಿಕದಲ್ಲಿ 1890ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಊರಿನವರು ಕಟ್ಟಡದ ನೆಲಮಾಳಿಗೆಯಲ್ಲಿ ಮಕ್ಕಳ ಓದುಕೋಣೆ ತೆರೆದರು. 1894ರ ಗ್ರಂಥಾಲಯ ಸಂಘದ ಸಮ್ಮೇಳನದಲ್ಲಿ ಲ್ಯೂಟಿ ಸ್ಟರ್ನ್ಸ್ ಮಂಡಿಸಿದ ವರದಿ ವಯೋಮಿತಿಯನ್ನು ತೆಗೆದುಹಾಕಬೇಕೆಂದು ನೇರವಾಗಿ ಕೇಳಿತು. 1896ರಲ್ಲಿ ಬ್ರೂಕ್ಲಿನ್‌ನ ಪ್ರ್ಯಾಟ್ ಸಂಸ್ಥೆಯ ಗ್ರಂಥಾಲಯದಲ್ಲಿ ಕಟ್ಟಡದ ನಕ್ಷೆ ಬರೆಯುವಾಗಲೇ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕೋಣೆ ಸಿದ್ಧವಾಯಿತು. ಆ ಕೋಣೆಯ ಹೊಣೆ ಹೊತ್ತ ಆ್ಯನ್ ಕ್ಯಾರಲ್ ಮೂರ್ 1906ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಎಲ್ಲ ಶಾಖೆಗಳ ಮಕ್ಕಳ ವಿಭಾಗಕ್ಕೆ ಮೇಲ್ವಿಚಾರಕಿಯಾದ ಮೇಲೆ ಮಕ್ಕಳ ಕೋಣೆ ಒಂದು ಕಸುಬಿನ ನೆಲೆಯಾಯಿತು. ಅಲ್ಲಿ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಮಗು ದೊಡ್ಡ ದಾಖಲೆ ಪುಸ್ತಕದಲ್ಲಿ ತನ್ನ ಹೆಸರನ್ನು ಕೈಯಾರೆ ಬರೆದು, ಪುಸ್ತಕಗಳನ್ನು ಜೋಪಾನ ಮಾಡುವೆನೆಂಬ ಮಾತು ಕೊಡಬೇಕಾಗಿತ್ತು. ವಯಸ್ಸಿನ ಅಡ್ಡಪಟ್ಟಿ ಹೋದ ಜಾಗಕ್ಕೆ ಹೀಗೆ ಅಕ್ಷರದ ಅಡ್ಡಪಟ್ಟಿ ಬಂದಿತ್ತು. ಹೆಸರು ಬರೆಯಲಾರದ ಮಗು ಸದಸ್ಯನಲ್ಲ.

ಇದೇ ಕಾಲದಲ್ಲಿ ನೆಲೆಗೊಂಡ ‘ಕಥಾವೇಳೆ’, ಅಂದರೆ ಗ್ರಂಥಪಾಲಕಿ ಗೊತ್ತಾದ ದಿನ ಗೊತ್ತಾದ ಹೊತ್ತಿನಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವ ಪದ್ಧತಿ, ಇಂದಿನ ಶಿಶು ಕಾರ್ಯಕ್ರಮಗಳ ಪೂರ್ವರೂಪವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಅರ್ಧ ಮಾತ್ರ ನಿಜ. ಫ್ರಾನ್ಸಸ್ ಆಲ್ಕಟ್ ಅವರ ಮೇಲ್ವಿಚಾರಣೆಯಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಗ್ರಂಥಾಲಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂತಹ ಕಥಾವೇಳೆಗಳನ್ನು ಆರಂಭಿಸಿದಾಗ, ಉಕ್ಕಿನ ಕಾರ್ಖಾನೆಗಳ ಆ ಊರಿನಲ್ಲಿ ಕಥೆ ಕೇಳಲು ಬಂದವರು ಶಾಲೆಗೆ ಹೋಗುತ್ತಿದ್ದ ಮಕ್ಕಳು. ಕಥೆಯನ್ನು ಬಾಯಿಪಾಠ ಮಾಡಿ, ಕೈಯಲ್ಲಿ ಪುಸ್ತಕವಿಲ್ಲದೆ ಹೇಳಲಾಗುತ್ತಿತ್ತು. ಮಹಾಕಾವ್ಯಗಳ ಕಥಾಭಾಗಗಳನ್ನು ಕೇಳಿದ ಮಗು ಆ ಪುಸ್ತಕವನ್ನು ಕಪಾಟಿನಿಂದ ತೆಗೆದು ತಾನೇ ಓದಲಿ ಎಂಬುದು ಅದರ ಉದ್ದೇಶ. ನ್ಯೂಯಾರ್ಕಿನಲ್ಲಿ ಮೂರ್ ಇದಕ್ಕೊಂದು ಮೇಣದಬತ್ತಿಯನ್ನೂ ಹೂವನ್ನೂ ಸೇರಿಸಿ ಬಹುಮಟ್ಟಿಗೆ ಪೂಜೆಯ ಗಾಂಭೀರ್ಯ ತಂದರು. ಹರಿಕಥೆ, ಗಮಕಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಏರ್ಪಾಡಿನ ಗುರುತು ಸುಲಭವಾಗಿ ಹತ್ತೀತು. ವ್ಯತ್ಯಾಸವೆಂದರೆ ಹರಿಕಥೆಯಲ್ಲಿ ಅಜ್ಜಿಯ ಮಡಿಲಲ್ಲಿ ನಿದ್ದೆಹೋದ ಕೂಸಿಗೂ ಜಾಗವಿತ್ತು, ಪಿಟ್ಸ್‌ಬರ್ಗಿನಲ್ಲಿ ಇರಲಿಲ್ಲ. ಆದರೂ ಈ ಪದ್ಧತಿ ಒಂದು ದೊಡ್ಡ ಕೆಲಸ ಮಾಡಿತು. 1921ರಲ್ಲಿ ನ್ಯೂಯಾರ್ಕಿನ ಗ್ರಂಥಾಲಯ ಸೇರಿದ ಪ್ವೆರ್ಟೊ ರಿಕೊ ಮೂಲದ ಪೂರಾ ಬೆಲ್ಪ್ರೆ, ವಲಸೆಗಾರರ ಬೀದಿಗಳಲ್ಲಿದ್ದ ಶಾಖೆಗಳಲ್ಲಿ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್‌ನಲ್ಲಿಯೂ ಕಥೆ ಹೇಳಲು ಆರಂಭಿಸಿದ್ದರಿಂದ, ಮನೆಮಾತನ್ನು ಗ್ರಂಥಾಲಯದ ಹೊರಗೆ ಬಿಟ್ಟು ಬರಬೇಕಾಗಿದ್ದ ತಾಯಂದಿರು ಮಕ್ಕಳ ಜೊತೆ ಒಳಗೆ ಬರತೊಡಗಿದರು.

ಶಾಲೆಗೆ ಸೇರದ ಮಗುವಿಗಾಗಿ ಪ್ರತ್ಯೇಕ ಕಥಾವೇಳೆ ಹುಟ್ಟಲು ಎರಡು ಸಂಗತಿಗಳು ಕೂಡಿಬರಬೇಕಾಗಿತ್ತು. ಒಂದು, ಮುದ್ರಣದ ತಂತ್ರ. ಅಕ್ಷರ ಬಾರದ ಮಗುವಿನ ಮುಂದೆ ಹಿಡಿದು ತೋರಿಸಬಹುದಾದ, ಪುಟಪುಟವೂ ಚಿತ್ರವೇ ಕಥೆ ಹೇಳುವ ಪುಸ್ತಕಗಳು ಅಮೆರಿಕದಲ್ಲಿ ಹೇರಳವಾಗಿ, ಕೈಗೆಟುಕುವ ಬೆಲೆಗೆ ದೊರೆಯತೊಡಗಿದ್ದು 1920ರ ದಶಕದ ಕೊನೆಯ ವರ್ಷಗಳಿಂದ. ವಾಂಡಾ ಗಾಗ್ ಅವರ ಬೆಕ್ಕುಗಳ ಕಥೆಯ ಪುಸ್ತಕ ಬಂದದ್ದು 1928ರಲ್ಲಿ; ವರ್ಷದ ಶ್ರೇಷ್ಠ ಚಿತ್ರಪುಸ್ತಕಕ್ಕೆ ಗ್ರಂಥಾಲಯ ಸಂಘ ಕೊಡುವ ಕಾಲ್ಡೆಕಾಟ್ ಪದಕ ಆರಂಭವಾದದ್ದು 1938ರಲ್ಲಿ. ಇನ್ನೊಂದು, ಶಿಶುವಿಹಾರ ಚಳವಳಿ ಮತ್ತು ಶಿಶುಮನೋವಿಜ್ಞಾನಗಳು ಎಳೆಯ ಮಕ್ಕಳ ಬಗ್ಗೆ ಮಧ್ಯಮವರ್ಗದ ತಾಯಂದಿರಲ್ಲಿ ಹುಟ್ಟಿಸಿದ್ದ ಕುತೂಹಲ. ಈ ಎರಡರ ಸಂಧಿಯಲ್ಲಿ, 1935ರಲ್ಲಿ, ಡೆಟ್ರಾಯಿಟ್ ನಗರದ ಗ್ರಂಥಾಲಯ ಮೂರರಿಂದ ಐದು ವರ್ಷದ ಮಕ್ಕಳಿಗೆ ಚಿತ್ರಪುಸ್ತಕದ ವೇಳೆಯನ್ನು ಆರಂಭಿಸಿತು.

ವಿಚಿತ್ರವೆಂದರೆ, ಈ ಕಾರ್ಯಕ್ರಮಕ್ಕೂ ಓದು ಕಲಿಯುವುದಕ್ಕೂ ಸಂಬಂಧವಿದೆಯೆಂದು ಅದನ್ನು ನಡೆಸಿದವರೇ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣ ಅಂದಿನ ಶಿಕ್ಷಣಶಾಸ್ತ್ರದಲ್ಲಿ ಪ್ರಬಲವಾಗಿದ್ದ ‘ಓದಿನ ಸಿದ್ಧತೆ’ ಎಂಬ ಸಿದ್ಧಾಂತ: ಹಲ್ಲು ಹುಟ್ಟುವುದಕ್ಕೆ ಹೇಗೆ ಕಾಲವಿದೆಯೋ ಹಾಗೆಯೇ ಓದುವ ಸಾಮರ್ಥ್ಯಕ್ಕೂ ಒಂದು ಕಾಲವಿದೆ, ಅದಕ್ಕೆ ಮೊದಲು ಕಲಿಸಹೊರಟರೆ ಹಾನಿಯೇ ಹೆಚ್ಚು ಎಂಬುದು ಅದರ ತಿರುಳು. 1931ರಲ್ಲಿ ಮೇಬಲ್ ಮಾರ್ಫೆಟ್ ಮತ್ತು ಕಾರ್ಲ್‌ಟನ್ ವಾಶ್‌ಬರ್ನ್ ಪ್ರಕಟಿಸಿದ ಲೇಖನ ಆ ಕಾಲವನ್ನು ಆರೂವರೆ ವರ್ಷದ ಮಾನಸಿಕ ವಯಸ್ಸೆಂದು ಗೊತ್ತುಮಾಡಿತ್ತು. ಆದ್ದರಿಂದ ಕಥಾವೇಳೆ ಮಗುವಿಗೆ ಗುಂಪಿನಲ್ಲಿ ಕೂರುವ, ಕಿವಿಗೊಡುವ ರೂಢಿ ಕಲಿಸುವ ಜಾಗವಾಯಿತೇ ಹೊರತು ಅಕ್ಷರದ ಜಾಗವಾಗಲಿಲ್ಲ. ತಾಯಂದಿರನ್ನು ಕೋಣೆಯ ಹೊರಗೇ ಉಳಿಸಲಾಗುತ್ತಿತ್ತು. ತಾಯಿ ಕಣ್ಣಿಗೆ ಬಿದ್ದರೆ ಮಗುವಿನ ಗಮನ ಕದಲುತ್ತದೆಂಬುದು ಕಾರಣ. ಕೆಲವು ಗ್ರಂಥಾಲಯಗಳು ಆ ಅರ್ಧ ಗಂಟೆಯಲ್ಲಿ ಪಕ್ಕದ ಕೋಣೆಯಲ್ಲಿ ತಾಯಂದಿರಿಗೆ ಮಕ್ಕಳ ಪಾಲನೆಯ ಕುರಿತು ಉಪನ್ಯಾಸ ಏರ್ಪಡಿಸಿದವು. ಒಂದೇ ಸೂರಿನಡಿ ಮಗುವಿಗೆ ಒಂದು ಕಡೆ ಕಥೆ, ತಾಯಿಗೆ ಇನ್ನೊಂದು ಕಡೆ ಬೋಧೆ, ನಡುವೆ ಮುಚ್ಚಿದ ಬಾಗಿಲು: ಈ ವ್ಯವಸ್ಥೆ ಸುಮಾರು ಮೂರು ದಶಕ ನಡೆಯಿತು.

ಆ ಬಾಗಿಲನ್ನು ತೆರೆದ ಸಂಶೋಧನೆ ಬಂದದ್ದು ನ್ಯೂಜಿಲೆಂಡಿನಿಂದ. ಮೇರಿ ಕ್ಲೇ ಎಂಬ ಮನೋವಿಜ್ಞಾನಿ ಆಕ್ಲೆಂಡಿನ ಶಾಲೆಗಳಿಗೆ ಹೊಸದಾಗಿ ಸೇರಿದ ಐದು ವರ್ಷದ ಮಕ್ಕಳನ್ನು ಒಂದು ವರ್ಷ ಕಾಲ ಹತ್ತಿರದಿಂದ ಗಮನಿಸಿ 1966ರಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ, ಮಗು ಶಾಲೆಗೆ ಕಾಲಿಡುವ ಮೊದಲೇ ಓದಿನ ಹಲವು ತುಣುಕುಗಳನ್ನು ಕಲಿತುಕೊಂಡಿರುತ್ತದೆಂದು ತೋರಿಸಿದರು. ಪುಸ್ತಕದ ಮುಂಭಾಗ ಯಾವುದು, ಹಿಡಿಯುವುದು ಹೇಗೆ, ಕಥೆ ಹೇಳುವುದು ಚಿತ್ರವೋ ಪಕ್ಕದ ಕರಿಯ ಗೆರೆಗಳೋ, ಕಣ್ಣು ಸಾಲಿನ ಯಾವ ತುದಿಯಿಂದ ಹೊರಡಬೇಕು ಎಂಬಂಥ, ದೊಡ್ಡವರಿಗೆ ಕಲಿತದ್ದೇ ನೆನಪಿಲ್ಲದ ತಿಳಿವುಗಳು ಇವು. ಇವೆಲ್ಲ ಮನೆಯಲ್ಲಿ, ಯಾರದೋ ಮಡಿಲಲ್ಲಿ ಕೂತು ಪುಸ್ತಕ ನೋಡಿದ ಮಗುವಿಗೆ ತಾನಾಗಿ ಬಂದಿರುತ್ತವೆ, ಉಳಿದವರಿಗೆ ಬಂದಿರುವುದಿಲ್ಲ. ಇದನ್ನು ಮುಂದಿನ ವಿದ್ವಾಂಸರು ‘ಮೊಳೆಯುವ ಸಾಕ್ಷರತೆ’ ಎಂಬರ್ಥದ ಹೆಸರಿನಿಂದ ಕರೆದರು: ಓದು ಒಂದು ದಿನ ಆರಂಭವಾಗುವ ಕ್ರಿಯೆಯಲ್ಲ, ಹುಟ್ಟಿನಿಂದಲೇ ಮೊಳೆಯುತ್ತ ಬರುವಂಥದು. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ‘ಸಂವಾದದ ಓದು’ ಎಂಬ ಕ್ರಮವನ್ನು ಪ್ರಯೋಗಕ್ಕೆ ಒಡ್ಡಿ, ದೊಡ್ಡವರು ಒಂದೇ ಸಮನೆ ಓದಿ ಮುಗಿಸುವುದಕ್ಕಿಂತ ನಡುನಡುವೆ ಪ್ರಶ್ನೆ ಕೇಳಿ ಮಗುವನ್ನೇ ಕಥೆಗಾರನಾಗಿಸಿದರೆ ಅದರ ಮಾತು ಬೇಗ ಬೆಳೆಯುತ್ತದೆಂದು ಕಂಡುಕೊಂಡರು. ಇಷ್ಟಾದ ಮೇಲೆ ತಾಯಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸುವುದಕ್ಕೆ ಕಾರಣ ಉಳಿಯಲಿಲ್ಲ. ಅಮೆರಿಕದ ಗ್ರಂಥಾಲಯಗಳಲ್ಲಿ 1970 ಮತ್ತು 80ರ ದಶಕಗಳಿಂದಲೇ ಎರಡು ವರ್ಷದವರಿಗೂ, ಬಳಿಕ ಹಸುಗೂಸುಗಳಿಗೂ ಕಥಾವೇಳೆಗಳು ಬರತೊಡಗಿದ್ದವು. ಕೊನೆಯದಕ್ಕೆ ಅಲ್ಲಿಯವರು ಮಡಿಲಲ್ಲಿ ಕೂರಿಸಿಕೊಳ್ಳುವುದೆಂಬ ಅರ್ಥದ ಹೆಸರನ್ನೇ ಇಟ್ಟರು. ಗ್ರಂಥಪಾಲಕಿಯ ಎದುರು ಈಗ ಚಾಪೆಯ ಮೇಲೆ ಕೂತದ್ದು ಮಗುವನ್ನು ಹೊತ್ತ ವಯಸ್ಕರ ಗುಂಪು, ಕಾರ್ಯಕ್ರಮದ ನಿಜವಾದ ಕೇಳುಗರೂ ಅವರೇ.

ಗ್ರಂಥಾಲಯಕ್ಕೆ ಬಾರದವರನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಬ್ರಿಟನ್. 1992ರಲ್ಲಿ ವೆಂಡಿ ಕೂಲಿಂಗ್ ಅವರ ಕಲ್ಪನೆಯಂತೆ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆರಂಭವಾದ ಬುಕ್‌ಸ್ಟಾರ್ಟ್ ಯೋಜನೆ, ಮಗುವಿನ ಆರೋಗ್ಯ ತಪಾಸಣೆಯ ಹೊತ್ತಿಗೆ ಆರೋಗ್ಯ ಕಾರ್ಯಕರ್ತೆಯರ ಕೈಯಿಂದ 300 ಕುಟುಂಬಗಳಿಗೆ ಒಂದೊಂದು ಚೀಲ ತಲುಪಿಸಿತು. ಚೀಲದಲ್ಲಿದ್ದದ್ದು ಕೂಸಿಗೊಂದು ಪುಸ್ತಕ, ಜೊತೆಗೆ ಹತ್ತಿರದ ಗ್ರಂಥಾಲಯಕ್ಕೆ ಬರಲು ಕರೆ. ಲಸಿಕೆಯ ದಾರಿಯಲ್ಲೇ ಪುಸ್ತಕವನ್ನೂ ಕಳಿಸುವ ಈ ಉಪಾಯದ ಬಲವಿರುವುದು ಅದರ ಸರಳತೆಯಲ್ಲಿ. ಗ್ರಂಥಾಲಯದ ಮುಖ ನೋಡದ ಕುಟುಂಬವೂ ಮಗುವನ್ನು ತೂಕ ಹಾಕಿಸಲು ಬಂದೇ ಬರುತ್ತದೆ. ಬ್ಯಾರಿ ವೇಡ್ ಮತ್ತು ಮ್ಯಾಗಿ ಮೂರ್ ಎಂಬ ಸಂಶೋಧಕರು ಆ ಮಕ್ಕಳಲ್ಲಿ ಕೆಲವರನ್ನು ಶಾಲೆ ಸೇರುವವರೆಗೂ ಹಿಂಬಾಲಿಸಿ, ಅವರು ಓರಗೆಯವರಿಗಿಂತ ಮುಂದಿದ್ದಾರೆಂದು ವರದಿ ಮಾಡಿದರು. ಪರೀಕ್ಷೆಗೊಳಗಾದ ಮಕ್ಕಳ ಸಂಖ್ಯೆ ಚಿಕ್ಕದಾಗಿದ್ದುದರಿಂದ ಆ ಫಲಿತಾಂಶದ ಮೇಲೆ ಹೊರಿಸಲಾದ ಭಾರ ಕೊಂಚ ಹೆಚ್ಚೇ ಆಯಿತೆನ್ನಬೇಕು. ಆದರೂ ಕೆಲವೇ ವರ್ಷಗಳಲ್ಲಿ ಯೋಜನೆ ದೇಶವ್ಯಾಪಿಯಾಗಿ, ಮುಂದೆ ಜಪಾನಿನವರೆಗೂ ಹಬ್ಬಿತು.

ಅಮೆರಿಕದ ಗ್ರಂಥಾಲಯ ಸಂಘದ ಎರಡು ವಿಭಾಗಗಳು 2004ರಲ್ಲಿ ಹೊರತಂದ, ‘ಓದಲು ಪ್ರತಿ ಮಗುವೂ ಸಿದ್ಧ’ ಎಂಬ ಅರ್ಥದ ಹೆಸರು ಹೊತ್ತ ಕಾರ್ಯಕ್ರಮ, ಪಾಲಕರಿಗೆ ಶಿಕ್ಷಣ ಕೊಡುವುದೇ ಗ್ರಂಥಾಲಯದ ಕೆಲಸವೆಂದು ನೇರವಾಗಿ ಸಾರಿತು. ಅದರ ಮೊದಲ ಆವೃತ್ತಿ ಆರು ಕೌಶಲಗಳನ್ನು ಹೆಸರಿಸಿತ್ತು: ಪುಸ್ತಕದ ಮೇಲಿನ ಆಸೆ, ಪದಸಂಪತ್ತು, ಕಥೆ ಹೇಳುವ ಶಕ್ತಿ, ಮುದ್ರಿತ ಪುಟದ ಪರಿಚಯ, ಅಕ್ಷರಗಳ ಗುರುತು, ಮತ್ತು ಧ್ವನಿಯ ಅರಿವು, ಎಂದರೆ ಆಡಿದ ಪದವನ್ನು ಕಿವಿಯಲ್ಲಿಯೇ ಬಿಡಿಸಿ ಅದರೊಳಗಿನ ಸಣ್ಣ ಸದ್ದುಗಳನ್ನು ಗುರುತಿಸುವ ಸಾಮರ್ಥ್ಯ. ಪಟ್ಟಿ ಶಾಸ್ತ್ರೀಯವಾಗಿತ್ತು, ಆದರೆ ಅಳುವ ಕೂಸನ್ನು ಎತ್ತಿಕೊಂಡ ತಾಯಿಗೆ ಧ್ವನಿಯ ಅರಿವಿನ ವ್ಯಾಖ್ಯಾನ ಹೇಳುವುದು ಗ್ರಂಥಪಾಲಕರಿಗೇ ತೊಡಕೆನಿಸಿತು. 2011ರ ಎರಡನೆಯ ಆವೃತ್ತಿ ಕೌಶಲಗಳ ಪಟ್ಟಿಯನ್ನು ಹಿಂದೆ ಸರಿಸಿ ಐದು ಕ್ರಿಯೆಗಳನ್ನು ಮುಂದಿಟ್ಟಿತು: ಮಾತಾಡುವುದು, ಹಾಡುವುದು, ಓದುವುದು, ಬರೆಯುವುದು, ಆಡುವುದು. ಇವುಗಳಲ್ಲಿ ಮೂರಕ್ಕೆ ಅಕ್ಷರಜ್ಞಾನ ಬೇಕಿಲ್ಲ ಎಂಬುದನ್ನು ಭಾರತದ ಓದುಗರು ವಿಶೇಷವಾಗಿ ಗಮನಿಸಬೇಕು. ಜೋಗುಳ, ಒಗಟು, ಬೆರಳಾಟಗಳನ್ನು ಬಲ್ಲ ಅಕ್ಷರವರಿಯದ ಅಜ್ಜಿಯೂ ಈ ಶಾಸ್ತ್ರದ ಪ್ರಕಾರ ಮೊಮ್ಮಗುವಿನ ಓದಿಗೆ ತಳಹದಿ ಹಾಕುತ್ತಿದ್ದಾಳೆ. ನೂರು ವರ್ಷಗಳ ಸಂಶೋಧನೆ ಹಿತ್ತಿಲ ಜಗಲಿಗೆ ಬಂದು ನಿಂತಿತೆಂದರೆ ಅದರಲ್ಲಿ ನಾಚುವುದೇನೂ ಇಲ್ಲ.

ಈ ಚರಿತ್ರೆ ಭಾರತವನ್ನು ಮುಟ್ಟಿದ್ದು ಎರಡು ದಾರಿಗಳಿಂದ. ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ವಿಲಿಯಂ ಬೋರ್ಡನ್ ಅವರನ್ನು ಕರೆಸಿ ಕಟ್ಟಿಸಿದ ಗ್ರಂಥಾಲಯ ವ್ಯವಸ್ಥೆಯಲ್ಲಿ ಮಕ್ಕಳ ವಿಭಾಗವೂ ಇತ್ತು, ಅಲ್ಲಿ ಪುಸ್ತಕಗಳ ಜೊತೆಗೆ ಆಟದ ಸಾಮಾನುಗಳೂ ಇದ್ದವು. ಇನ್ನೊಂದು ದಾರಿ ಎಸ್. ಆರ್. ರಂಗನಾಥನ್ ಅವರದು. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1924ರಲ್ಲಿ ಇಂಗ್ಲೆಂಡಿಗೆ ತರಬೇತಿಗೆ ಹೋದ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ ನಗರದ ಗ್ರಂಥಪಾಲಕ ಬರ್ವಿಕ್ ಸೇಯರ್ಸ್. ಸೇಯರ್ಸ್ ವರ್ಗೀಕರಣದ ಪಂಡಿತರಾಗಿದ್ದಂತೆಯೇ ಮಕ್ಕಳ ಗ್ರಂಥಾಲಯಗಳ ಕುರಿತು ಪುಸ್ತಕಗಳನ್ನೇ ಬರೆದವರು. ಗುರುವಿನ ಈ ಎರಡು ಆಸಕ್ತಿಗಳಲ್ಲಿ ಶಿಷ್ಯನ ಕೀರ್ತಿ ನಿಂತದ್ದು ಮೊದಲನೆಯದರ ಮೇಲೆ, ಭಾರತದ ಗ್ರಂಥಾಲಯ ಶಿಕ್ಷಣವೂ ಅದನ್ನೇ ಹಿಡಿದು ಬೆಳೆಯಿತು. ಪುಸ್ತಕಕ್ಕೆ ಸಂಖ್ಯೆ ಕೊಡುವುದರಲ್ಲಿ ನುರಿತಷ್ಟು ಮಗುವಿಗೆ ಕಥೆ ಹೇಳುವುದರಲ್ಲಿ ನುರಿತ ಗ್ರಂಥಪಾಲಕರ ಪೀಳಿಗೆ ಇಲ್ಲಿ ತಯಾರಾಗಲಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಗ್ರಂಥಾಲಯದ ಕಾನೂನು ತುಂಡುತುಂಡಾಗಿ ಬಂದಿತು. ಮದ್ರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡಕ್ಕೆ 1948ರ ಮದ್ರಾಸು ಕಾಯ್ದೆ, ಬೀದರ್, ಗುಲಬರ್ಗಾ, ರಾಯಚೂರುಗಳಿಗೆ 1955ರ ಹೈದರಾಬಾದ್ ಕಾಯ್ದೆ ಅನ್ವಯಿಸಿದವು; ಏಕೀಕೃತ ರಾಜ್ಯಕ್ಕೆಲ್ಲ ಒಂದೇ ಆದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಕಟ್ಟಡ ಮತ್ತು ಭೂಮಿಯ ತೆರಿಗೆಯ ಮೇಲೆ ಗ್ರಂಥಾಲಯ ಉಪಕರ ಹೇರಿತು, ಅದರ ಆಧಾರದ ಮೇಲೆ 1966ರ ನವೆಂಬರ್ 1ರಂದು ಇಲಾಖೆ ಹುಟ್ಟಿತು. ಆ ದಶಕಗಳಲ್ಲಿ ದೇಶದ ಗ್ರಂಥಾಲಯ ಚಿಂತನೆಯ ಕಣ್ಣಿದ್ದದ್ದು ನವಸಾಕ್ಷರರ, ಅಂದರೆ ದೊಡ್ಡವರಾದ ಮೇಲೆ ಅಕ್ಷರ ಕಲಿತವರ ಮೇಲೆ. 1951ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಶೇಕಡಾ 18ರಷ್ಟಿದ್ದುದರಿಂದ ಅದನ್ನು ತಪ್ಪೆನ್ನುವಂತಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದ ಗ್ರಂಥಾಲಯದಂತೆ ಮಕ್ಕಳ ಗ್ರಂಥಾಲಯವೂ ಬಂದಿತಾದರೂ, ಊರೂರಿನ ಶಾಖೆಗಳ ಚಿತ್ರ ದಿನಪತ್ರಿಕೆಯ ಮೇಜು ಮತ್ತು ಪರೀಕ್ಷೆಗೆ ಓದುವ ಯುವಕರದಾಗಿಯೇ ಉಳಿಯಿತು. ಶಾಲೆಗೆ ಸೇರದ ಮಗು ಬೇರೊಂದು ಇಲಾಖೆಯ ಪಾಲಿಗೆ ಹೋಯಿತು: 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಅಂಗನವಾಡಿಗಳೊಂದಿಗೆ ಕಾಲಿಟ್ಟಿತು. ಆಹಾರ, ಚುಚ್ಚುಮದ್ದು, ಆಟ, ಹಾಡು ಎಲ್ಲವೂ ಅಲ್ಲಿ ಸೇರಿದವು. ಪುಸ್ತಕ ಮಾತ್ರ ಗ್ರಂಥಾಲಯದ ಬೀಗದೊಳಗೆ ಉಳಿಯಿತು.

ಚಿತ್ರಪುಸ್ತಕದ ಕೊರತೆಯೂ ಇದಕ್ಕೆ ಕೂಡಿಕೊಂಡಿತ್ತು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರಂಥವರಿಂದ ಕನ್ನಡಕ್ಕೆ ಬಂದ ಶಿಶುಸಾಹಿತ್ಯದ ಜೀವ ನಾಲಿಗೆಯ ಮೇಲಿತ್ತು. ಅದನ್ನು ಕೇಳಿ ಹಾಡಿಕೊಂಡವರಲ್ಲಿ ಪುಸ್ತಕ ಕಂಡವರಿಗಿಂತ ಕಾಣದವರೇ ಹೆಚ್ಚು. ಶಿವರಾಮ ಕಾರಂತರ ಬಾಲಪ್ರಪಂಚವಾಗಲಿ, 1970ರ ದಶಕದಲ್ಲಿ ಮನೆಮನೆ ಸೇರಿದ ಭಾರತ ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳಾಗಲಿ ಓದಬಲ್ಲ ಮಗುವಿನ ಪುಸ್ತಕಗಳು. ಕೂಸಿನ ಮುಂದೆ ಹಿಡಿಯುವ, ಪುಟಕ್ಕೊಂದು ಸಾಲಿನ, ಬಣ್ಣದ ಪುಸ್ತಕ ಅಗ್ಗದ ಬೆಲೆಗೆ ಕನ್ನಡದಲ್ಲಿ ಸಾಕಷ್ಟು ಕಾಣಿಸಿಕೊಂಡದ್ದು ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಹುಟ್ಟಿದ ಮೇಲೆ. ಡೆಟ್ರಾಯಿಟಿನ ಕಥಾವೇಳೆಗೆ ಹಿನ್ನೆಲೆಯಾಗಿ ಒದಗಿದ್ದ ಸರಕು ಇಲ್ಲಿ ಸುಮಾರು ಏಳು ದಶಕ ತಡವಾಗಿ ಬಂದಿತು.

ಹೊರಗಿನ ಪಾಠಗಳನ್ನು ಹಾಗೆಯೇ ಎರವಲು ತರಲಾಗದ ಒಂದು ಜಾಗವೂ ಇದೆ, ಅದು ಲಿಪಿ. ಇಂಗ್ಲಿಷಿನ ಮಗುವಿಗೆ 26 ಅಕ್ಷರಗಳ ಗುರುತಾದರೆ ಆರು ಕೌಶಲಗಳ ಪಟ್ಟಿಯ ಆ ಭಾಗ ಮುಗಿಯಿತು. ಕನ್ನಡದ ಮಗು ವರ್ಣಮಾಲೆ ದಾಟಿದ ಮೇಲೆ ಕಾಗುಣಿತದ ನೂರಾರು ರೂಪಗಳನ್ನೂ ಒತ್ತಕ್ಷರಗಳನ್ನೂ ಎದುರಿಸಬೇಕು. ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಅಧ್ಯಯನ ನಡೆಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧ, ಅಕ್ಷರಗಳ ಪೂರ್ಣ ಕಲಿಕೆ ಇಲ್ಲಿ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಚಾಚುತ್ತದೆಂದು ತೋರಿಸಿತು. ವಿಜಯದಶಮಿಯ ದಿನ ಅಕ್ಕಿಯ ಮೇಲೆ ಬೆರಳಾಡಿಸಿ ಮಾಡಿಸುವ ಅಕ್ಷರಾಭ್ಯಾಸ ಆ ದೀರ್ಘ ಪಯಣಕ್ಕೆ ಒಳ್ಳೆಯ ಮುಹೂರ್ತವಾದೀತು. ಮುಂದಿನ ವರ್ಷಗಳಲ್ಲಿ ಮಗುವಿನ ಕಣ್ಣ ಮುಂದೆ ಪುಟಗಳು ಇರುವಂತೆ ನೋಡಿಕೊಳ್ಳುವುದು ಮುಹೂರ್ತದ ಕೆಲಸವಲ್ಲ. ಶಾಲೆಯ ಪಠ್ಯಪುಸ್ತಕದ ಹೊರಗೆ ಆ ಪುಟಗಳನ್ನು ಪುಕ್ಕಟೆಯಾಗಿ ಕೊಡಬಲ್ಲ ಸಂಸ್ಥೆ ಹಳ್ಳಿಗಳಲ್ಲಿ ಗ್ರಂಥಾಲಯವೊಂದೇ.

ರಾಜ್ಯದ ಐದು ಸಾವಿರಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ, ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಹಳ್ಳಿಯ ಗ್ರಂಥಾಲಯದಲ್ಲಿ ಮಕ್ಕಳ ದನಿ ಕೇಳಿಸತೊಡಗಿದ್ದು ಆಗಿನಿಂದಲೇ ಎಂದರೆ ಹೆಚ್ಚೇನೂ ಆಗದು. ಆ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂಬ ಹೆಸರಿದೆ. ಸದಸ್ಯತ್ವವನ್ನು ಗೊತ್ತುಮಾಡಿದ್ದು 6ರಿಂದ 18 ವರ್ಷದವರಿಗೆ, ಶಾಲೆಯ ವಯಸ್ಸನ್ನೇ ಅಳತೆಯಾಗಿಟ್ಟುಕೊಂಡು. 2023ರ ಬಳಿಕ ಇದೇ ಇಲಾಖೆ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯತೊಡಗಿತು. ಕೂಸಿನ ಮನೆಯ ಆರೈಕೆದಾರರೂ ಅರಿವು ಕೇಂದ್ರದ ಮೇಲ್ವಿಚಾರಕರೂ ಇಂದು ಒಂದೇ ಪಂಚಾಯಿತಿಗೆ ಉತ್ತರ ಹೇಳುವವರು. ಒಬ್ಬರ ಬಳಿ ಕೂಸುಗಳಿವೆ, ಇನ್ನೊಬ್ಬರ ಬಳಿ ಪುಸ್ತಕಗಳು.